ಪ್ರಿಎಂಪ್ಟ್: ಯಾರಿಗಿಂತ ಮೊದಲು, ಯಾವುದನ್ನು?



ಕಳೆದ ಕಿರುಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಐದು ಪದ ಕೊಟ್ಟು, ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಕೇಳಿದ್ದರು. ನಾಲ್ಕು ಸುಲಭವಾಗಿದ್ದವು. ಐದನೆಯದು ‘ಪ್ರಿಎಂಪ್ಟ್’. ಹಿಂದಿನ ರಾತ್ರಿ ಮೊಬೈಲಿನ ನಿಘಂಟಿನಲ್ಲಿ ಅದಕ್ಕೆ ‘ಮೊದಲೇ ಕಾರ್ಯ ಮಾಡು’ ಎಂಬ ಅರ್ಥ ನೋಡಿದ್ದೆ. ಅದನ್ನೇ ನಂಬಿಕೊಂಡು ‘ಐ ಪ್ರಿಎಂಪ್ಟ್ ಟು ಕಾಲೇಜ್ ಎವೆರಿ ಡೇ’ ಎಂದು ಬರೆದೆ. ಬೆಲ್ ಹೊಡೆಯುವ ಮೊದಲೇ ಕಾಲೇಜಿಗೆ ಬರುತ್ತೇನೆ ಎಂಬುದು ನನ್ನ ಅಭಿಪ್ರಾಯ. ಉತ್ತರಪತ್ರಿಕೆ ವಾಪಸ್ ಬಂದಾಗ ಆ ವಾಕ್ಯದ ಕೆಳಗೆ ಕೆಂಪು ಗೆರೆ ಇತ್ತು. ಪಕ್ಕದಲ್ಲಿ ಎರಡು ಪ್ರಶ್ನೆ: ‘ಯಾರಿಗಿಂತ ಮೊದಲು? ಯಾವುದನ್ನು?’

ಒಂದು ಅಂಕ ಹೋಯಿತು. ಆದರೆ ಆ ಎರಡು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಈ ಪದ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿಯೂ, ನಮ್ಮ ಮನೆಯ ಮಾತಿನಲ್ಲಿಯೂ ಮೊದಲಿನಿಂದ ಇದ್ದದ್ದು ಗೊತ್ತಾಯಿತು. ಕಲಿತದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಪದದ ರೂಪ

‘ಪ್ರಿಎಂಪ್ಟ್’ ಕ್ರಿಯಾಪದ. ‘ಪ್ರಿಎಂಪ್ಷನ್’ ನಾಮಪದ. ‘ಪ್ರಿಎಂಪ್ಟಿವ್’ ವಿಶೇಷಣ. ಬ್ರಿಟಿಷ್ ಬರವಣಿಗೆಯಲ್ಲಿ ‘ಪ್ರಿ’ ಆದ ಮೇಲೆ ಸಾಮಾನ್ಯವಾಗಿ ಒಂದು ಚಿಕ್ಕ ಅಡ್ಡಗೆರೆ ಹಾಕುತ್ತಾರೆ, ಅಮೆರಿಕದವರು ಹೆಚ್ಚಾಗಿ ಹಾಕುವುದಿಲ್ಲ. ಎರಡೂ ಸರಿ. ಒಂದೇ ಉತ್ತರದಲ್ಲಿ ಎರಡು ರೀತಿ ಬರೆಯಬಾರದು, ಅಷ್ಟೆ.

ವ್ಯಾಕರಣದಲ್ಲಿ ಇದು ಸಕರ್ಮಕ ಕ್ರಿಯಾಪದ. ಅಂದರೆ ಕರ್ಮ ಬೇಕೇ ಬೇಕು. ‘ಅವನು ಪ್ರಿಎಂಪ್ಟ್ ಮಾಡಿದ’ ಎಂದು ನಿಲ್ಲಿಸಿದರೆ ‘ಯಾವುದನ್ನು?’ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಶ್ನೆಯನ್ನು, ಟೀಕೆಯನ್ನು, ಮುಷ್ಕರವನ್ನು, ಎದುರಾಳಿಯ ನಡೆಯನ್ನು ಪ್ರಿಎಂಪ್ಟ್ ಮಾಡಬಹುದು. ಕಾಲೇಜಿಗೆ ಪ್ರಿಎಂಪ್ಟ್ ಮಾಡಲು ಬರುವುದಿಲ್ಲ. ಬೇಗ ಹೋಗುವುದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಮುಂದೆ ಆಗಲಿರುವ ಒಂದು ಕೆಲಸ ಇರಬೇಕು, ಅದು ಆಗುವ ಮೊದಲೇ ನಾವು ಏನಾದರೂ ಮಾಡಿ ಅದಕ್ಕೆ ಜಾಗ ಇಲ್ಲದಂತೆ ಮಾಡಬೇಕು. ಆಗ ಮಾತ್ರ ಈ ಪದ ಸರಿ.

ಒಂದು ಉದಾಹರಣೆ. ಪ್ರಾಂಶುಪಾಲರು ಸಭೆಯಲ್ಲಿ ಶುಲ್ಕ ಹೆಚ್ಚಾದ ಕಾರಣವನ್ನು ತಾವೇ ಮೊದಲು ವಿವರಿಸಿದರು, ಪೋಷಕರು ಕೇಳಬೇಕೆಂದಿದ್ದ ಪ್ರಶ್ನೆ ಬಾಯಲ್ಲೇ ಉಳಿಯಿತು. ಇಂಗ್ಲಿಷಿನಲ್ಲಿ ಹೇಳುವುದಾದರೆ ‘ದಿ ಪ್ರಿನ್ಸಿಪಾಲ್ ಪ್ರಿಎಂಪ್ಟೆಡ್ ದಿ ಪೇರೆಂಟ್ಸ್ ಕ್ವೆಶ್ಚನ್ಸ್’.

ಬೇರಿನಲ್ಲಿ ಇರುವುದು ಖರೀದಿ

ನನಗೆ ಆಶ್ಚರ್ಯ ಆದದ್ದು ಇಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಪ್ರೇ’ ಅಂದರೆ ಮೊದಲು. ‘ಎಮೆರೆ’ ಅಂದರೆ ಕೊಳ್ಳುವುದು, ಅದಕ್ಕೂ ಹಿಂದೆ ತೆಗೆದುಕೊಳ್ಳುವುದು. ಆದ್ದರಿಂದ ‘ಪ್ರಿಎಂಪ್ಷನ್’ ಎಂಬುದರ ಮೂಲ ಅರ್ಥ ‘ಬೇರೆಯವರಿಗಿಂತ ಮೊದಲು ಕೊಳ್ಳುವುದು’. ಇದು ಹುಟ್ಟಿದ್ದೇ ವ್ಯಾಪಾರದ ಪದವಾಗಿ.

ವಾಣಿಜ್ಯ ವಿಭಾಗದವರು ಸ್ವಲ್ಪ ಗಮನಿಸಿ. ನಮ್ಮ ಪಠ್ಯದ ಎಷ್ಟೋ ಪದಗಳು ಇದೇ ‘ಎಮೆರೆ’ಯ ಮಕ್ಕಳು:

ಕೇವಿಯಟ್ ಎಂಪ್ಟರ್: ಕೊಳ್ಳುವವನೇ ಎಚ್ಚರವಾಗಿರು. ‘ಎಂಪ್ಟರ್’ ಅಂದರೆ ಕೊಳ್ಳುವವನು.
ಪ್ರೀಮಿಯಂ: ‘ಪ್ರೇ’ ಮತ್ತು ‘ಎಮೆರೆ’ ಸೇರಿ ಆದದ್ದು. ಷೇರಿನ ಪ್ರೀಮಿಯಂ, ವಿಮೆಯ ಪ್ರೀಮಿಯಂ ಎರಡೂ ಇದೇ.
ರಿಡೆಂಪ್ಷನ್: ಮರಳಿ ಕೊಳ್ಳುವುದು. ಡಿಬೆಂಚರ್ ರಿಡೆಂಪ್ಷನ್ ಪಾಠ ನೆನಪಿಸಿಕೊಳ್ಳಿ.
ಎಕ್ಸೆಂಪ್ಷನ್: ಹೊರಗೆ ತೆಗೆಯುವುದು. ತೆರಿಗೆಯಿಂದ ವಿನಾಯಿತಿ.
ಕನ್ಸ್ಯೂಮರ್: ಈ ಪದದೊಳಗೂ ಅದೇ ಬೇರು ಅಡಗಿದೆ.

ಇಂಗ್ಲೆಂಡಿನಲ್ಲಿ ಹಿಂದೆ ರಾಜನಿಗೆ ಪ್ರಿಎಂಪ್ಷನ್ ಹಕ್ಕು ಇತ್ತು. ಅರಮನೆಗೆ ಬೇಕಾದ ಧಾನ್ಯ, ಮಾಂಸಗಳನ್ನು ರಾಜನ ಆಳುಗಳು ಉಳಿದವರಿಗಿಂತ ಮೊದಲು, ಅದೂ ತಾವೇ ಕಟ್ಟಿದ ಬೆಲೆಗೆ ತೆಗೆದುಕೊಳ್ಳುತ್ತಿದ್ದರು. ಜನ ಬೇಸತ್ತಿದ್ದರು. 1660ರಲ್ಲಿ ಕಾಯ್ದೆ ಮಾಡಿ ಅದನ್ನು ರದ್ದು ಮಾಡಿದರು. ಅಮೆರಿಕದಲ್ಲಿ 1841ರಲ್ಲಿ ಪ್ರಿಎಂಪ್ಷನ್ ಕಾಯ್ದೆ ಬಂತು. ಸರಕಾರಿ ಜಮೀನಿನಲ್ಲಿ ಆಗಲೇ ಮನೆ ಕಟ್ಟಿ ಉಳುಮೆ ಮಾಡುತ್ತಿದ್ದವರು 160 ಎಕರೆವರೆಗೆ ಎಕರೆಗೆ ಕನಿಷ್ಠ 1.25 ಡಾಲರ್ ಕೊಟ್ಟು, ಹರಾಜಿಗೆ ಮೊದಲೇ ಕೊಳ್ಳಬಹುದಿತ್ತು. ಆದರೆ ಆ ನೆಲದಲ್ಲಿ ಇವರೆಲ್ಲರಿಗಿಂತ ಮೊದಲು ಇದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ‘ಯಾರಿಗಿಂತ ಮೊದಲು?’ ಎಂಬ ಕೆಂಪು ಶಾಯಿಯ ಪ್ರಶ್ನೆ ಎಷ್ಟು ದೊಡ್ಡದು ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದಾಗ.

ಷೇರುದಾರನ ಮೊದಲ ಹಕ್ಕು

ಈ ಹಳೆಯ ಅರ್ಥ ಇಂದಿಗೂ ನಮ್ಮ ಕಂಪನಿ ಕಾನೂನಿನಲ್ಲಿ ಬದುಕಿದೆ. 2013ರ ಕಂಪನಿ ಕಾಯ್ದೆಯ 62ನೇ ಕಲಂ ಪ್ರಕಾರ, ಕಂಪನಿ ಹೊಸ ಷೇರು ಹೊರಡಿಸುವಾಗ ಮೊದಲು ಇರುವ ಷೇರುದಾರರಿಗೆ ಅವರ ಪಾಲಿಗೆ ತಕ್ಕಂತೆ ಕೊಡಲು ಮುಂದೆ ಬರಬೇಕು. ಇದನ್ನೇ ರೈಟ್ಸ್ ಇಶ್ಯೂ ಎನ್ನುತ್ತೇವೆ. ಆ ಹಕ್ಕಿನ ಹೆಸರು ಪ್ರಿಎಂಪ್ಟಿವ್ ರೈಟ್. ಹೊರಗಿನವರಿಗೆ ನೇರವಾಗಿ ಕೊಡಬೇಕಾದರೆ ಷೇರುದಾರರೇ ವಿಶೇಷ ನಿರ್ಣಯದಿಂದ ಒಪ್ಪಬೇಕು.

ಇದು ಯಾಕೆ ಬೇಕು ಎಂಬುದನ್ನು ಲೆಕ್ಕದಲ್ಲಿ ನೋಡೋಣ. ಒಂದು ಕಂಪನಿಯಲ್ಲಿ 1,000 ಷೇರು ಇವೆ. ನಿಮ್ಮ ಹತ್ತಿರ 100 ಇವೆ. ನಿಮ್ಮ ಪಾಲು ಶೇ. 10. ಈಗ ಕಂಪನಿ 500 ಹೊಸ ಷೇರು ಹೊರಡಿಸಿ ಎಲ್ಲವನ್ನೂ ಹೊರಗಿನವರಿಗೆ ಕೊಟ್ಟಿತು ಅಂದುಕೊಳ್ಳಿ. ಒಟ್ಟು ಷೇರು 1,500 ಆಯಿತು, ನಿಮ್ಮದು 100 ಆಗಿಯೇ ಉಳಿಯಿತು. ನಿಮ್ಮ ಪಾಲು ಶೇ. 6.67ಕ್ಕೆ ಇಳಿಯಿತು. ನೀವು ಒಂದು ಷೇರನ್ನೂ ಮಾರಲಿಲ್ಲ, ಆದರೂ ನಿಮ್ಮ ಮತದ ತೂಕ ಕಡಿಮೆಯಾಯಿತು. ಬದಲಿಗೆ ಎರಡಕ್ಕೆ ಒಂದರಂತೆ ಮೊದಲು ನಿಮಗೆ ಕೊಟ್ಟಿದ್ದರೆ ನೀವು 50 ಕೊಂಡು 150 ಮಾಡಿಕೊಳ್ಳುತ್ತಿದ್ದಿರಿ. 1,500ರಲ್ಲಿ 150 ಅಂದರೆ ಮತ್ತೆ ಶೇ. 10.

ಇಲ್ಲಿ ಎರಡು ಷರತ್ತು ಇವೆ. ಕಂಪನಿ ತಿಳಿಸಿದ ಅವಧಿಯೊಳಗೆ ಒಪ್ಪಿಗೆ ಕೊಡಬೇಕು, ಆ ಅವಧಿ 30 ದಿನ ಮೀರುವಂತಿಲ್ಲ. ಮತ್ತು ಹಣ ಕಟ್ಟಬೇಕು. ಸುಮ್ಮನೆ ಕೂತರೆ ಹಕ್ಕು ಹೋಯಿತು.

ಶುಫಾ

ಈ ಲೆಕ್ಕವನ್ನು ನಾನು ಒಂದು ಸಂಜೆ ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ನಾವು ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅಬ್ಬಾ ಕೇಳಿಸಿಕೊಂಡು, ‘ಇದು ನಮ್ಮ ಹಕ್ಕೆ ಶುಫಾ ಅಲ್ಲವೇ?’ ಎಂದರು. ನನಗೆ ಇಂಗ್ಲಿಷ್ ಪದ ಗೊತ್ತಿತ್ತು, ಶುಫಾ ಗೊತ್ತಿರಲಿಲ್ಲ. ಅವರಿಗೆ ಶುಫಾ ಗೊತ್ತಿತ್ತು, ಇಂಗ್ಲಿಷ್ ಪದ ಗೊತ್ತಿರಲಿಲ್ಲ. ಕಾನೂನು ಪುಸ್ತಕಗಳಲ್ಲಿ ಪ್ರಿಎಂಪ್ಷನ್ ಎಂಬ ಅಧ್ಯಾಯ ಇರುವುದೇ ಶುಫಾದ ಬಗ್ಗೆ.

ಮನೆ ಅಥವಾ ಜಮೀನಿನ ಒಬ್ಬ ಪಾಲುದಾರ ತನ್ನ ಭಾಗವನ್ನು ಹೊರಗಿನವರಿಗೆ ಮಾರಿದರೆ, ಅದೇ ಬೆಲೆ ಕೊಟ್ಟು ಅದನ್ನು ತಾನೇ ತೆಗೆದುಕೊಳ್ಳುವ ಹಕ್ಕು ಇನ್ನೊಬ್ಬ ಪಾಲುದಾರನಿಗೆ ಇದೆ. ಇದೇ ಶುಫಾ. ಅರಬಿಯಲ್ಲಿ ಈ ಪದದ ಬೇರಿಗೆ ಜೊತೆ ಸೇರಿಸು, ಜೋಡಿ ಮಾಡು ಎಂಬ ಅರ್ಥವಿದೆ. ಪಕ್ಕದ ಭಾಗವನ್ನು ನಮ್ಮ ಭಾಗಕ್ಕೆ ಜೋಡಿಸಿಕೊಳ್ಳುವುದು. ‘ಶಫಾಅತ್’ ಕೂಡ ಇದೇ ಬೇರಿನ ಪದ.

ಹನಫಿ ಮಜ್‌ಹಬ್‌ನಲ್ಲಿ ಮೂವರಿಗೆ ಈ ಹಕ್ಕು ಇದೆ. ಮೊದಲು ಆಸ್ತಿಯಲ್ಲಿ ಪಾಲುದಾರನಾದ ಶರೀಕ್. ನಂತರ ದಾರಿ, ನೀರು ಮುಂತಾದವುಗಳಲ್ಲಿ ಪಾಲು ಇರುವ ಖಲೀತ್. ಕೊನೆಗೆ ಪಕ್ಕದ ಆಸ್ತಿಯ ಮಾಲೀಕನಾದ ಜಾರ್, ಅಂದರೆ ನೆರೆಯವನು. ನಮ್ಮ ಕರಾವಳಿಯ ಗೆಳೆಯರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿ ಮಜ್‌ಹಬ್‌ನಲ್ಲಿ ಪಾಲುದಾರನಿಗೆ ಮಾತ್ರ.

ಈ ಹಕ್ಕನ್ನು ಕೇಳುವ ಕ್ರಮ ಬಹಳ ಬಿಗಿಯಾಗಿದೆ. ಮೊದಲನೆಯದು ತಲಬ್-ಎ-ಮುವಾಸಿಬತ್. ಮಾರಾಟದ ಸುದ್ದಿ ಕಿವಿಗೆ ಬಿದ್ದ ತಕ್ಷಣ ‘ನನ್ನ ಹಕ್ಕು ನನಗೆ ಬೇಕು’ ಎಂದು ಹೇಳಬೇಕು. ಮುವಾಸಿಬತ್ ಅಂದರೆ ಹಾರಿ ಏಳುವುದು. ಕೂತವನು ಎದ್ದು ನಿಲ್ಲುವಷ್ಟು ಬೇಗ ಎಂದು ಅರ್ಥ. ಎರಡನೆಯದು ತಲಬ್-ಎ-ಇಶ್‌ಹಾದ್, ಸಾಕ್ಷಿಗಳ ಮುಂದೆ ಮತ್ತೆ ಹೇಳುವುದು. ಆಮೇಲೂ ಕೊಡದಿದ್ದರೆ ನ್ಯಾಯಾಲಯ. ಮಾರಾಟಕ್ಕೆ ಮಾತ್ರ ಇದು ಅನ್ವಯ. ದಾನ ಕೊಟ್ಟದ್ದಕ್ಕೆ, ವಾರಸುದಾರಿಕೆಯಲ್ಲಿ ಬಂದದ್ದಕ್ಕೆ ಇಲ್ಲ.

ಅಲಹಾಬಾದ್ ಹೈಕೋರ್ಟಿನಲ್ಲಿ 1885ರಲ್ಲಿ ಗೋಬಿಂದ್ ದಯಾಳ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸೈಯದ್ ಮಹಮೂದ್ ಇದರ ಸ್ವರೂಪವನ್ನು ವಿವರಿಸಿದರು. ಅವರು ಸರ್ ಸೈಯದ್ ಅಹ್ಮದ್ ಖಾನ್ ಅವರ ಮಗ. ಶುಫಾ ಅಂದರೆ ಕೊಂಡವನಿಂದ ಮತ್ತೆ ಕೊಳ್ಳುವುದಲ್ಲ, ಕೊಂಡವನ ಜಾಗದಲ್ಲಿ ತಾನು ನಿಲ್ಲುವುದು ಎಂಬುದು ಅವರ ತೀರ್ಮಾನದ ಸಾರ.

ಇಂದಿನ ಕಾನೂನಿನಲ್ಲಿ ಇದು ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ. 1937ರ ಶರೀಯತ್ ಕಾಯ್ದೆಯ ವಿಷಯಗಳ ಪಟ್ಟಿಯಲ್ಲಿ ಶುಫಾ ಇಲ್ಲ. ಆಯಾ ಪ್ರದೇಶದ ಕಾಯ್ದೆ, ರೂಢಿ ಅಥವಾ ಒಪ್ಪಂದದ ಮೇಲೆ ಅದು ನಿಂತಿದೆ. 1962ರಲ್ಲಿ ಸುಪ್ರೀಂ ಕೋರ್ಟ್ ಭಾವು ರಾಮ್ ಮೊಕದ್ದಮೆಯಲ್ಲಿ, ಕೇವಲ ಪಕ್ಕದ ಮನೆಯವನು ಎಂಬ ಕಾರಣಕ್ಕೆ ಕೊಡುವ ಹಕ್ಕನ್ನು ಸಂವಿಧಾನಕ್ಕೆ ವಿರುದ್ಧ ಎಂದಿತು. ಪಾಲುದಾರನ ಹಕ್ಕನ್ನು ಒಪ್ಪಿತು. ಇದು ಮುಸ್ಲಿಮರಿಗೆ ಮಾತ್ರ ಇರುವ ವಿಚಾರವೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ, ಒಬ್ಬ ವಾರಸುದಾರ ತನ್ನ ಪಾಲನ್ನು ಮಾರುವಾಗ ಉಳಿದ ವಾರಸುದಾರರಿಗೆ ಮೊದಲ ಆದ್ಯತೆ ಕೊಡುತ್ತದೆ.

ನಮ್ಮ ಮನೆಯ ಗೋಡೆ

ಅಬ್ಬಾಗೆ ಆ ಪದ ಯಾಕೆ ನೆನಪಿತ್ತು ಎಂಬುದನ್ನೂ ಹೇಳಬೇಕು. ನಮ್ಮ ಹಳೆಯ ಮನೆ ಒಂದು ಕಾಲದಲ್ಲಿ ಒಂದೇ ಮನೆ. ದಾದಾ ಮತ್ತು ಅವರ ತಮ್ಮ ಅರ್ಧ ಅರ್ಧ ಮಾಡಿಕೊಂಡರು. ಬಾವಿಗೆ ಹೋಗುವ ಓಣಿ ಮಾತ್ರ ಇಬ್ಬರಿಗೂ ಸೇರಿದ್ದಾಗಿತ್ತು. ಮೂರು ವರ್ಷದ ಹಿಂದೆ ಆ ಕಡೆಯ ಅರ್ಧ ಮಾರಾಟವಾಯಿತು. ಹೊಸ ಮಾಲೀಕರು ಟೇಪ್ ಹಿಡಿದು ಅಳತೆಗೆ ಬಂದ ದಿನ ನಮ್ಮ ದಾದಿಗೆ ವಿಷಯ ಗೊತ್ತಾಯಿತು. (ದಾದಿ ಅಂದರೆ ಇಲ್ಲಿ ಆಸ್ಪತ್ರೆಯ ದಾದಿ ಅಲ್ಲ, ಅಬ್ಬಾನ ಅಮ್ಮ.) ‘ಹಮ್ನಾ ಪಹಿಲೆ ಪೂಛ್ನಾ ಥಾ’ ಎಂದು ಅವರು ಒಂದೇ ಮಾತು ಹೇಳಿದರು. ನಮ್ಮನ್ನು ಮೊದಲು ಕೇಳಬೇಕಿತ್ತು. ಈಗ ಓಣಿಯಲ್ಲಿ ಗೋಡೆ ಇದೆ. ದಾದಿ ಬಾವಿಗೆ ಬೀದಿ ಸುತ್ತಿಕೊಂಡು ಹೋಗುತ್ತಾರೆ.

ತಪ್ಪು ಅವರದೇ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಆದರೆ ಆ ಸಂಜೆ ಅಬ್ಬಾ ಒಂದು ವಿಷಯ ಹೇಳಿದರು. ಮಾರಾಟದ ಸುದ್ದಿ ಒಂದು ತಿಂಗಳ ಮೊದಲೇ ಚಹಾ ಅಂಗಡಿಯಲ್ಲಿ ಅವರ ಕಿವಿಗೆ ಬಿದ್ದಿತ್ತು. ಅವರಾಗಿ ಬಂದು ಹೇಳಲಿ ಎಂದು ಸುಮ್ಮನಿದ್ದರು.

‘ಕೇಳಿದ್ದರೆ ಕೊಳ್ಳಲು ಹಣ ಇತ್ತಾ ಅಬ್ಬಾ?’ ಎಂದೆ.

‘ಇರಲಿಲ್ಲ. ಆದರೆ ಓಣಿಯ ಮಾತಾದರೂ ಕಾಗದದಲ್ಲಿ ಬರೆಸಬಹುದಿತ್ತು’ ಎಂದರು.

ಕಾನೂನಿನಲ್ಲಿ ನಮ್ಮ ಹಕ್ಕು ನಿಲ್ಲುತ್ತಿತ್ತೋ ಇಲ್ಲವೋ, ಅದು ಬೇರೆ. ಸುದ್ದಿ ಕೇಳಿದ ಕೂಡಲೇ ಎದ್ದು ನಿಲ್ಲಬೇಕು ಎಂಬ ನಿಯಮ ಯಾಕೆ ಇದೆ ಎಂಬುದು ಮಾತ್ರ ನನಗೆ ಅರ್ಥವಾಯಿತು. ನಾವು ಸುಮ್ಮನಿದ್ದರೆ ಕೊಳ್ಳುವವನು ಹಣ ಕೊಟ್ಟು, ಸಾಮಾನು ತಂದು, ಗೋಡೆ ಕಟ್ಟುತ್ತಾನೆ. ಆಮೇಲೆ ಎಬ್ಬಿಸಿದರೆ ಅವನಿಗೂ ಅನ್ಯಾಯ.

ಮಾರುವವನ ಕರ್ತವ್ಯದ ಬಗ್ಗೆಯೂ ಒಂದು ಘಟನೆ ಸಹೀಹ್ ಬುಖಾರಿಯಲ್ಲಿದೆ. ಅಬೂ ರಾಫಿಅ್(ರ) ತಮ್ಮ ಎರಡು ಕೋಣೆಗಳನ್ನು ಮಾರುವಾಗ ಮೊದಲು ನೆರೆಯವರಾದ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರನ್ನು ಕೇಳಿದರು. ಸಅದ್ ನಾಲ್ಕು ಸಾವಿರ ದಿರ್ಹಮ್, ಅದೂ ಕಂತಿನಲ್ಲಿ ಎಂದರು. ಬೇರೊಬ್ಬರು 500 ದೀನಾರ್ ಕೊಡಲು ಸಿದ್ಧರಿದ್ದರು, ಅದು ಇದಕ್ಕಿಂತ ಹೆಚ್ಚು. ಆದರೂ ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ(ಸ) ಹೇಳಿದ್ದನ್ನು ಕೇಳಿದ್ದ ಅಬೂ ರಾಫಿಅ್ ಕಡಿಮೆ ಬೆಲೆಗೆ ನೆರೆಯವರಿಗೇ ಕೊಟ್ಟರು.

ಮೊದಲಾಗುವುದು ತಪ್ಪಾದಾಗ

ಹಾಗಾದರೆ ಮೊದಲು ಕೊಳ್ಳುವುದು ಯಾವಾಗಲೂ ಸರಿಯೇ? ಇಲ್ಲ. ಪ್ರಿಎಂಪ್ಟ್‌ಗೆ ಹತ್ತಿರದ ಇನ್ನೊಂದು ಇಂಗ್ಲಿಷ್ ಪದ ‘ಫೋರ್‌ಸ್ಟಾಲ್’. ಇಂದು ಅದಕ್ಕೆ ‘ಮೊದಲೇ ತಡೆ’ ಎಂಬ ಅರ್ಥ. ಆದರೆ ಹಳೆಯ ಇಂಗ್ಲೆಂಡಿನಲ್ಲಿ ಅದು ಒಂದು ಅಪರಾಧದ ಹೆಸರು. ರೈತ ಸಂತೆಗೆ ತರುತ್ತಿದ್ದ ಮಾಲನ್ನು ದಾರಿಯಲ್ಲೇ ಅಡ್ಡಹಾಕಿ ಕೊಂಡು, ಸಂತೆಯಲ್ಲಿ ಹೆಚ್ಚಿನ ಬೆಲೆಗೆ ಮಾರುವುದು ಫೋರ್‌ಸ್ಟಾಲಿಂಗ್. ಆ ಅಪರಾಧವನ್ನು ಕಾನೂನಿನಿಂದ ತೆಗೆದದ್ದು 1844ರಲ್ಲಿ.

ಇದನ್ನೇ ಪ್ರವಾದಿ ಮುಹಮ್ಮದ್(ಸ) ಕೂಡ ನಿಷೇಧಿಸಿದ್ದರು. ಸರಕು ತರುವ ಕಾರವಾನ್ ಪೇಟೆಗೆ ತಲುಪುವ ಮೊದಲೇ ಹೋಗಿ ಕೊಳ್ಳಬಾರದು. ಅರಬಿಯಲ್ಲಿ ಇದಕ್ಕೆ ತಲಕ್ಕಿ ಅರ್‌ರುಕ್ಬಾನ್ ಎನ್ನುತ್ತಾರೆ. ಹಾಗೆ ಮಾರಿದವನು ಪೇಟೆಗೆ ಬಂದು ನಿಜವಾದ ಬೆಲೆ ತಿಳಿದರೆ ವ್ಯಾಪಾರ ಮುರಿಯುವ ಹಕ್ಕು ಅವನಿಗಿದೆ.

ಶುಫಾ ಮತ್ತು ಫೋರ್‌ಸ್ಟಾಲಿಂಗ್ ಎರಡರಲ್ಲಿಯೂ ಒಬ್ಬ ಇನ್ನೊಬ್ಬನಿಗಿಂತ ಮೊದಲಾಗುತ್ತಾನೆ. ಶುಫಾದಲ್ಲಿ ಎಲ್ಲರಿಗೂ ಗೊತ್ತಾಗುವಂತೆ, ಸಾಕ್ಷಿಯ ಮುಂದೆ, ಪೂರ್ತಿ ಬೆಲೆ ಕೊಟ್ಟು ಮೊದಲಾಗುತ್ತಾನೆ. ಇನ್ನೊಂದರಲ್ಲಿ ಎದುರಿನವನಿಗೆ ಬೆಲೆ ಗೊತ್ತಿಲ್ಲದ ಲಾಭ ಪಡೆದು ಮೊದಲಾಗುತ್ತಾನೆ.

ಪತ್ರಿಕೆಗಳಲ್ಲಿ ಬರುವ ಅರ್ಥ

ಕೊಳ್ಳುವ ಅರ್ಥದಿಂದ ಈ ಪದ ಯುದ್ಧದ ಕಡೆಗೂ ಹೋಯಿತು. ಶತ್ರು ಇನ್ನೇನು ಹೊಡೆಯುತ್ತಾನೆ ಎಂಬಾಗ ಮೊದಲು ಹೊಡೆಯುವುದು ‘ಪ್ರಿಎಂಪ್ಟಿವ್ ಸ್ಟ್ರೈಕ್’. 1967ರ ಜೂನ್ 5ರಂದು ಈಜಿಪ್ಟಿನ ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡಿದ ಇಸ್ರೇಲ್ ಕಡೆಯವರು ಅದನ್ನು ಹೀಗೆ ಕರೆದರು. 2019ರ ಫೆಬ್ರವರಿ 26ರಂದು ಬಾಲಾಕೋಟ್ ದಾಳಿಯ ಬಗ್ಗೆ ನಮ್ಮ ವಿದೇಶಾಂಗ ಕಾರ್ಯದರ್ಶಿಯವರ ಹೇಳಿಕೆಯಲ್ಲಿಯೂ ‘ನಾನ್-ಮಿಲಿಟರಿ ಪ್ರಿಎಂಪ್ಟಿವ್ ಆ್ಯಕ್ಷನ್’ ಎಂಬ ಮಾತಿತ್ತು.

ಇಲ್ಲಿ ‘ಪ್ರಿವೆಂಟಿವ್’ ಎಂಬ ಪದದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅಪಾಯ ಬಾಗಿಲಿಗೆ ಬಂದಿದ್ದರೆ ಪ್ರಿಎಂಪ್ಟಿವ್. ಮುಂದೆ ಎಂದಾದರೂ ಬರಬಹುದು ಎಂಬ ಊಹೆಯ ಮೇಲೆ ಹೊಡೆದರೆ ಪ್ರಿವೆಂಟಿವ್. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಹೋದಾಗ ಪ್ರಿಎಂಪ್ಷನ್ ಎಂಬ ಮಾತು ಬಳಕೆಯಾಯಿತು. ಅವರು ಹೇಳಿದ ಸಾಮೂಹಿಕ ವಿನಾಶದ ಅಸ್ತ್ರಗಳ ಸಂಗ್ರಹ ಅಲ್ಲಿ ಸಿಗಲಿಲ್ಲ. ಅದು ಪ್ರಿವೆಂಟಿವ್ ಯುದ್ಧ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಒಂದು ಪದ ಬದಲಾದರೆ ಆಕ್ರಮಣವೂ ಆತ್ಮರಕ್ಷಣೆಯಂತೆ ಕೇಳಿಸುತ್ತದೆ. ಪತ್ರಿಕೆ ಓದುವಾಗ ಇದನ್ನು ನೆನಪಿಡಬೇಕು.

ಪ್ರೊಆ್ಯಕ್ಟಿವ್ ಬೇರೆ

ಕೊನೆಯ ಗೊಂದಲ ಇದು. ‘ಪ್ರೊಆ್ಯಕ್ಟಿವ್’ ಅಂದರೆ ಯಾರೂ ಹೇಳದೆ ತಾನಾಗಿ ಮುಂದಾಗಿ ಕೆಲಸ ಮಾಡುವವನು. ಇದರ ವಿರುದ್ಧ ಪದ ‘ರಿಆ್ಯಕ್ಟಿವ್’. 1989ರಲ್ಲಿ ಬಂದ ಸ್ಟೀಫನ್ ಕೋವಿಯವರ ಏಳು ಅಭ್ಯಾಸಗಳ ಪುಸ್ತಕದಲ್ಲಿ ಮೊದಲ ಅಭ್ಯಾಸವೇ ಇದು. ಪ್ರೊಆ್ಯಕ್ಟಿವ್ ಆಗಲು ಎದುರಾಳಿ ಬೇಕಾಗಿಲ್ಲ. ಪರೀಕ್ಷೆಗೆ ಎರಡು ತಿಂಗಳ ಮೊದಲೇ ಓದಲು ಕೂತರೆ ನೀವು ಪ್ರೊಆ್ಯಕ್ಟಿವ್. ನಾನು ಬೇಗ ಕಾಲೇಜಿಗೆ ಬರುವುದೂ ಅದೇ. ಪ್ರಿಎಂಪ್ಟ್‌ನಲ್ಲಿ ಮಾತ್ರ ಇನ್ನೊಬ್ಬರ ಅವಕಾಶ ಅಥವಾ ಇನ್ನೊಂದು ಘಟನೆ ಇರಲೇಬೇಕು, ನಾವು ಮೊದಲಾದ್ದರಿಂದ ಅದಕ್ಕೆ ಜಾಗ ತಪ್ಪಬೇಕು. ಆದ್ದರಿಂದಲೇ ಅದನ್ನು ಬಳಸುವಾಗ, ಮತ್ತು ಮಾಡುವಾಗ, ‘ಯಾರಿಗಿಂತ ಮೊದಲು?’ ಎಂದು ಕೇಳಿಕೊಳ್ಳಬೇಕು.

ಅಭ್ಯಾಸ

ಬಿಟ್ಟ ಸ್ಥಳಕ್ಕೆ ಪ್ರಿಎಂಪ್ಟ್, ಪ್ರಿವೆಂಟಿವ್, ಪ್ರೊಆ್ಯಕ್ಟಿವ್ ಇವುಗಳಲ್ಲಿ ಸರಿಯಾದದ್ದನ್ನು ಆರಿಸಿ.

1. ಡೆಂಗೆ ಬರದಂತೆ ನೀರಿನ ತೊಟ್ಟಿ ಮುಚ್ಚುವುದು ______ ಕ್ರಮ.
2. ಕಾರ್ಮಿಕರು ಮುಷ್ಕರ ಹೂಡುವ ಹಿಂದಿನ ದಿನ ಕೂಲಿ ಹೆಚ್ಚಿಸಿ ಮಾಲೀಕರು ಅದನ್ನು ______ ಮಾಡಿದರು.
3. ಯಾರೂ ಹೇಳದಿದ್ದರೂ ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸಿಟ್ಟ ವಿದ್ಯಾರ್ಥಿನಿ ______.

ಉತ್ತರ: 1. ಪ್ರಿವೆಂಟಿವ್ 2. ಪ್ರಿಎಂಪ್ಟ್ 3. ಪ್ರೊಆ್ಯಕ್ಟಿವ್.

ಕೆಂಪು ಗೆರೆಯ ವಾಕ್ಯವನ್ನು ತಿದ್ದಿ ಬರೆದು ಉಪನ್ಯಾಸಕರಿಗೆ ತೋರಿಸಿದೆ: ‘ಮೈ ಫಾದರ್ ವಾಸ್ ಟೂ ಲೇಟ್ ಟು ಪ್ರಿಎಂಪ್ಟ್ ದಿ ಸೇಲ್’. ಓದಿ ‘ಈಗ ಸರಿ’ ಎಂದರು. ಅಂಕ ಮಾತ್ರ ಹಾಕಲಿಲ್ಲ, ಪಟ್ಟಿ ಆಗಲೇ ಆಫೀಸಿಗೆ ಹೋಗಿತ್ತು.

ಈ ರಮಝಾನಿನಲ್ಲಿ ಫುಫು ಮನೆಗೆ ಬಂದಿದ್ದರು. ಊರಿನ ಜಮೀನಿನಲ್ಲಿ ತಮ್ಮ ಪಾಲನ್ನು ಮಾರುವ ಯೋಚನೆ ಇದೆ, ಮೊದಲು ನಿನ್ನನ್ನು ಕೇಳಲು ಬಂದೆ ಎಂದು ಅಬ್ಬಾಗೆ ಹೇಳಿದರು. ಕೊಳ್ಳಲು ಆಗುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಅಬ್ಬಾ ಈ ಸಲ ಸುಮ್ಮನಿರಲಿಲ್ಲ. ಅಂದು ಇಫ್ತಾರ್ ಮುಗಿದ ಕೂಡಲೇ ಕಾಗದ ಪೆನ್ನು ತರಲು ನನ್ನನ್ನು ಕಳಿಸಿದರು.